ನನಗೂ ದುಂಡಗೇ ಕಾಣ್ತಿತ್ತು ಸರ್

ಭಾನುವಾರದಿಂದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. "ನನಗೂ ದುಂಡಗೇ ಕಾಣ್ತಿತ್ತು ಸರ್. ನೀವು ಹೇಳಿದ್ರಲ್ಲಾ ಅಂತ ಮಾರಿಬಿಟ್ಟೆ." ಹೇಳಿದ್ದು ನಮ್ಮ ಶೂಟಿಂಗ್ ಕ್ಲಬ್ಬಿನ ಹುಡುಗ. ಸಿಟ್ಟು ಮಾಡಿಕೊಂಡು ಹೇಳಿದ್ದರೆ ಎಷ್ಟೋ ವಾಸಿ ಇತ್ತು. ನಗುನಗುತ್ತಾ ಹೇಳಿದ.

ನಾನು ಪಂದ್ಯಕ್ಕೆ ಬಳಸುವುದು ಎಂಟು ಗುಂಡಿನ ರಿವಾಲ್ವರ್. ಎರಡು ವರ್ಷದಿಂದ, ಗುರಿ ಹಿಡಿಯಲು ಇರುವ ಅದರ ಮುಂದಿನ ಸೈಟ್ ಮಬ್ಬು ಮಬ್ಬು. ಹಿಂದಿನ ಸೈಟಿನ ಕಚ್ಚು, ಮುಂದಿನ ಕಡ್ಡಿ, ದೂರದಲ್ಲಿ ಗುರಿಯಾಗಿ ನಿಲ್ಲಿಸಿದ ಉಕ್ಕಿನ ತಟ್ಟೆ ಮೂರನ್ನೂ ಒಟ್ಟಿಗೆ ಹಿಡಿಯುವುದು ಐವತ್ತರ ಕಣ್ಣಿಗೆ ಆಗುವ ಕೆಲಸ ಅಲ್ಲ. ರೆಡ್ ಡಾಟ್‌ನಲ್ಲಿ ಈ ರಗಳೆ ಇಲ್ಲ. ಅದು ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕಿ ತೋರಿಸುವ ಸೈಟ್. ಗಾಜು ಕೈಯಳತೆಯಲ್ಲೇ ಇದ್ದರೂ ಚುಕ್ಕಿ ಮಾತ್ರ ಎಲ್ಲೋ ದೂರದಲ್ಲಿ ತೇಲಿದಂತೆ ಕಾಣುತ್ತದೆ. ತಟ್ಟೆಯನ್ನು ನೋಡಿದರೆ ಸಾಕು, ಚುಕ್ಕಿ ಬಂದು ಅದರ ಮೇಲೆ ಕೂರುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲೇ ಇಂಥದ್ದನ್ನು ತಂದಿತ್ತು. ನನಗೆ ಬುದ್ಧಿ ಬರಲು ಕಣ್ಣು ಮಂಜಾಗಬೇಕಾಯಿತು.

ಸರಿ, ಯಾವುದನ್ನು ಕೊಳ್ಳುವುದು? ಮೂರು ತಿಂಗಳು ಇದೇ ಧ್ಯಾನ. ನಮ್ಮಲ್ಲಿ ಒಬ್ಬರಿದ್ದಾರೆ, ಏನು ಕೇಳಿದರೂ "ಇರೋದರಲ್ಲಿ ದುಬಾರಿಯದ್ದು ತಗೊಳ್ಳಿ" ಅನ್ನುತ್ತಾರೆ. ಅವರನ್ನು ನಾನು ಕೇಳಲೇ ಇಲ್ಲ. ಆಟೋ ಪಿಸ್ತೂಲಿನವರು ಕೇಳದೆಯೂ ಹೇಳಿದರು. ಚಿಕ್ಕದು ತಗೊಳ್ಳಿ, ಹಗುರದ್ದು ತಗೊಳ್ಳಿ, ಪಿಸ್ತೂಲಿನ ಮೇಲ್ಭಾಗದ ಸ್ಲೈಡಿನ ಹೊಡೆತ ತಡೆಯಬೇಕು. ರಿವಾಲ್ವರಿಗೆ ಸ್ಲೈಡ್ ಎಲ್ಲಿದೆ ಸ್ವಾಮಿ? ಹಿಂದಿನ ಸೈಟ್ ಬಿಚ್ಚಿ, ಅಲ್ಲಿರುವ ತೂತುಗಳಿಗೆ ಮೌಂಟ್ ಕೂರಿಸಿ, ಅದರ ಮೇಲೆ ಸೈಟ್ ಹಾಕುತ್ತೇವೆ. ಗುಂಡು ಹಾರಿದಾಗ ಇಡೀ ರಿವಾಲ್ವರ್ ಜೊತೆ ಅದೂ ಎಗರುತ್ತದೆ, ಅಷ್ಟೇ. ಸ್ಲೈಡಿನ ಮೇಲಿನದರ ಹಾಗೆ ಪ್ರತಿ ಗುಂಡಿಗೂ ಹಿಂದಕ್ಕೆ ಮುಂದಕ್ಕೆ ಓಡುವುದಿಲ್ಲ. ಹಾಗಾಗಿ ಗಾಜು ದೊಡ್ಡದಿದ್ದರೂ ನಡೆಯುತ್ತದೆ. ದೊಡ್ಡದೇ ಬೇಕು ಕೂಡ. ರೆಡ್ ಡಾಟ್ ಹಳೆಯ ಸೈಟಿಗಿಂತ ಎತ್ತರದಲ್ಲಿ ಕೂರುತ್ತದೆ. ಕೈ ಹಳೆಯ ಅಭ್ಯಾಸದಲ್ಲಿ ಮೇಲೇಳುತ್ತದೆ, ಗಾಜು ಖಾಲಿ! ಚುಕ್ಕಿಯನ್ನು ಹುಡುಕುವಷ್ಟರಲ್ಲಿ ಪಕ್ಕದವನು ಎರಡು ತಟ್ಟೆ ಹೊಡೆದಿರುತ್ತಾನೆ.

ರಿವಾಲ್ವರಿನದೇ ಆದ ಇನ್ನೊಂದು ಕಾಟ ಇದೆ. ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದಲ್ಲ, ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಗಾಳಿ, ಮಸಿ, ಕೆಲವೊಮ್ಮೆ ಸೀಸದ ಚೂರು ಹೊರಗೆ ಚಿಮ್ಮುತ್ತವೆ. ಸೈಟ್ ತೀರಾ ಮುಂದಕ್ಕೆ ಕೂತಿದ್ದರೆ ಅದರ ಮುಂದಿನ ಗಾಜು ಬೇಗ ಮಸಿಯಾಗುತ್ತದೆ. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡಿದ್ದೆ. ಕಡೆಯ ಕಾಲಮ್ಮಿನ ಹೆಸರು 'ಚುಕ್ಕಿ'. ಅದರ ಕೆಳಗೆ ಎಲ್ಲಾ ಸೈಟಿಗೂ ಒಂದೇ ಷರಾ: ಒಡೆದಿದೆ.

ನಿಜವಾಗಿ ಹಾಗೇ ಕಾಣುತ್ತಿತ್ತು. ಯಾರ ರಿವಾಲ್ವರ್ ಎತ್ತಿ ನೋಡಿದರೂ ಚುಕ್ಕಿ ದುಂಡಗಿಲ್ಲ. ಒಂದರಲ್ಲಿ ಬಾಲ ಇರುವ ಅಲ್ಪವಿರಾಮ, ಇನ್ನೊಂದರಲ್ಲಿ ದ್ರಾಕ್ಷಿ ಗೊಂಚಲು. ಚಿಕ್ಕ ಚುಕ್ಕಿಯದ್ದು ಇನ್ನೂ ಕೆಟ್ಟದಾಗಿತ್ತು. ಇಷ್ಟು ದುಡ್ಡು ತಗೊಂಡು ಒಂದು ದುಂಡನೆಯ ಚುಕ್ಕಿ ಕೊಡಲಾಗದ ಕಂಪನಿಗಳು ಎಂದು ಸಿಕ್ಕವರ ಮುಂದೆಲ್ಲ ಬೈದೆ.

ಹಾಗೆ ಬೈಸಿಕೊಂಡವುಗಳ ಲೆಕ್ಕದಲ್ಲಿ ಈ ಹುಡುಗನ ಸೈಟೂ ಇತ್ತು. ಅಮೆರಿಕದ ಶೂಟರ್ ಜೆರಿ ಮಿಕ್ಯುಲೆಕ್ 1999ರಲ್ಲಿ ಆರು ಹೊಡೆದು, ರಿವಾಲ್ವರ್ ತುಂಬಿಸಿ, ಮತ್ತೆ ಆರು ಹೊಡೆದು 2.99 ಸೆಕೆಂಡಿನಲ್ಲಿ ಮುಗಿಸಿದ್ದನ್ನು ನೋಡಿ ರಿವಾಲ್ವರಿನ ಹುಚ್ಚು ಹಿಡಿಸಿಕೊಂಡವನು ಅವನು. ದುಡ್ಡು ಕೂಡಿಟ್ಟು ಸೈಟ್ ತಂದು, ಮೊದಲು ನನ್ನ ಕೈಗೆ ಕೊಟ್ಟಿದ್ದ. ನೋಡಿದೆ. "ಚುಕ್ಕಿ ಒಡೆದಿದೆ ಕಣೋ. ಮೋಸ ಹೋಗಿದ್ದೀಯ" ಅಂದೆ. ಅವನು ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. "ಹೌದಾ ಸರ್?" ಅಂದ. ನಾನು ಹೌದು ಅಂದೆ.

ಈ ಭಾನುವಾರ ಮೇಷ್ಟ್ರು ಹೊಸ ಸೈಟ್ ಹಾಕಿಕೊಂಡು ಬಂದಿದ್ದರು. ಮೇಷ್ಟ್ರು ಅಂದರೆ ಪಾಠ ಮಾಡುವವರಲ್ಲ, ನಮಗೆಲ್ಲ ಹಿರಿಯರು. ಮಾತು ಕಡಿಮೆ. ತಾವು ಹೇಳಿದ್ದು ಸರಿಯಾದಾಗ ಮಾತ್ರ ಮುಖದಲ್ಲಿ ಒಂದು ಸಣ್ಣ ಸುಖ ಕಾಣುತ್ತದೆ, ಅದು ನನಗೆ ಯಾವತ್ತೂ ಹಿಡಿಸಿಲ್ಲ. ಸಿಲಿಂಡರ್ ತೆರೆದು, ಖಾಲಿ ಇದೆ ಅಂತ ಇಬ್ಬರೂ ನೋಡಿ, ರಿವಾಲ್ವರ್ ಕೈಗೆ ತಗೊಂಡೆ. ಅದೇ ಅಲ್ಪವಿರಾಮ.

"ಇದೂ ಒಡೆದಿದೆ ಮೇಷ್ಟ್ರೇ."

"ಹಾಗೇ ಹಿಡಿದು ಪಕ್ಕಕ್ಕೆ ಓರೆ ಮಾಡಿ. ಬಾಲ ತಿರುಗುತ್ತಾ?"

ಗುರಿಯ ದಿಬ್ಬದ ಕಡೆಗೇ ಹಿಡಿದು ರಿವಾಲ್ವರನ್ನು ಅಡ್ಡ ಮಾಡಿದೆ. ಬಾಲ ತಿರುಗಲಿಲ್ಲ. ಮೊದಲು ಎತ್ತ ಇತ್ತೋ ಅತ್ತಲೇ ಇತ್ತು. ಸೈಟಿನ ದೋಷವಾಗಿದ್ದರೆ ಸೈಟಿನ ಜೊತೆ ಅದೂ ತಿರುಗಬೇಕಿತ್ತು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ನನ್ನದೇ ಫೋನನ್ನು ಗಾಜಿನ ಹಿಂದೆ ಹಿಡಿದು ಒಂದು ಫೋಟೊ ತೆಗೆದರು. ತೋರಿಸಿದರು. ಕಂಪಾಸಿನಲ್ಲಿ ಎಳೆದ ಹಾಗೆ ದುಂಡನೆಯ ಕೆಂಪು ಚುಕ್ಕಿ.

"ಕಣ್ಣು ತೋರಿಸಿ" ಅಂದರು. ಆ ಸಣ್ಣ ಸುಖ ಮುಖದ ಮೇಲೆ ಬಂದೇ ಬಂತು.

ಆಮೇಲೆ ಸುಮ್ನೆ ಕೇಳಿದೆ, ಸೈಟ್ ಎಲ್ಲಿ ಕೊಂಡಿರಿ ಅಂತ. ಅಲ್ಲೇ ಹಾರಿಸಿದ ಗುಂಡುಗಳ ಖಾಲಿ ಕೇಸ್ ಆರಿಸುತ್ತಿದ್ದ ಹುಡುಗನ ಕಡೆ ಕೈ ತೋರಿಸಿದರು. ನಾನು ಒಡೆದಿದೆ ಅಂದದ್ದನ್ನು ಅವನು ಅರ್ಧ ದುಡ್ಡಿಗೆ ಇವರಿಗೆ ಮಾರಿದ್ದ. ಮಾರುವಾಗ "ಚುಕ್ಕಿ ಸರಿ ಇಲ್ಲವಂತೆ" ಎಂದು ಪ್ರಾಮಾಣಿಕವಾಗಿ ಹೇಳಿಯೂ ಇದ್ದನಂತೆ. ಸರಿ ಇಲ್ಲವಂತೆ. ಅವನ ಹತ್ತಿರ ಹೋದೆ. ಏನೋ ಹೇಳಲು ಹೊರಟೆ. ಆಗಲೇ ಅವನು ಆ ಮಾತು ಹೇಳಿದ್ದು. ನನಗೂ ದುಂಡಗೇ ಕಾಣ್ತಿತ್ತು ಸರ್.

ಆ ರಾತ್ರಿ ಬಾಲ್ಕನಿಯಲ್ಲಿ ನಿಂತು ಹೆಂಡತಿಯನ್ನು ಕೇಳಿದೆ. "ಬೀದಿ ದೀಪಕ್ಕೆ ಮೀಸೆ ಇದೆ ಅಲ್ವಾ?"

"ಎಂಥ ಮೀಸೆ?"

"ಉದ್ದುದ್ದ ಗೆರೆ. ಮೇಲೊಂದು ಕೆಳಗೊಂದು."

"ದೀಪ ದೀಪದ ಹಾಗೇ ಇದೆಯಲ್ರೀ."

ಇಷ್ಟು ವರ್ಷ ದೀಪ ಎಂದರೆ ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಕೇಳುವ ವಿಷಯ ಅನಿಸಿದ್ದರೆ ತಾನೇ?

ಮಂಗಳವಾರ ಕಣ್ಣು ತೋರಿಸಿದೆ. ಅಸ್ಟಿಗ್ಮ್ಯಾಟಿಸಂ ಅಂತೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಚೆಂಡಿನ ಹಾಗೆ ಎಲ್ಲಾ ಕಡೆ ಒಂದೇ ಸಮ ಬಾಗಿರದೆ, ಒಂದು ಕಡೆಗೆ ಜಾಸ್ತಿ ಬಾಗಿದೆ. ಅದಕ್ಕೇ ಬೆಳಕಿನ ಬಿಂದು ಬಿಂದುವಾಗಿ ನಿಲ್ಲದೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ಓದುವಾಗ ಅಷ್ಟಾಗಿ ಗೊತ್ತಾಗಿರಲಿಲ್ಲ, ಕತ್ತಲ ಮೇಲಿನ ಸಣ್ಣ ಪ್ರಖರ ಚುಕ್ಕಿಯಲ್ಲಿ ಎದ್ದು ಕಾಣುತ್ತದೆ. ಚೀಟಿಯಲ್ಲಿ ಅದರ ನಂಬರಿನ ಮೇಲೆ ಬರೆದಿದ್ದ ಪದ 'ಸಿಲಿಂಡರ್'. ನಗು ಬಂತು. ಒಂದು ಸಿಲಿಂಡರಿನ ಸಂದು ಎಷ್ಟು, ಮಸಿ ಎಷ್ಟು ಎಂದು ಮೂರು ತಿಂಗಳು ಅಳೆದವನು ಇನ್ನೊಂದನ್ನು ಐವತ್ತು ವರ್ಷ ಹೊತ್ತು ತಿರುಗಿದ್ದೆ.

ಪುಸ್ತಕದ ಕಡೆಯ ಕಾಲಮ್ ಹೊಡೆದು ಹಾಕಿದ್ದೇನೆ. ಆಯ್ಕೆ ಈಗ ಸುಲಭವಾಗಿದೆ. 6 ಎಂಒಎ ಚುಕ್ಕಿ (ಎಂಒಎ ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ), ಅಗಲದ ಗಾಜು, ಬೆಳಕನ್ನು ತೀರಾ ಕಡಿಮೆಗೆ ಇಳಿಸಲು ಬರಬೇಕು, ಬ್ಯಾಟರಿ ಬದಲಿಸಲು ಸೈಟ್ ಬಿಚ್ಚುವಂತಿರಬಾರದು. ಬಿಚ್ಚಿದರೆ ಮತ್ತೆ ಗುರಿ ಹೊಂದಿಸುವ ಕೆಲಸ. 25 ಮೀಟರಿನಲ್ಲಿ 6 ಎಂಒಎ ಎಂದರೆ ಸುಮಾರು ನಾಲ್ಕೂವರೆ ಸೆಂಟಿಮೀಟರ್. ತಟ್ಟೆಗಳಲ್ಲಿ ಚಿಕ್ಕದೇ ಹತ್ತು ಇಂಚು ಇರುವಾಗ ಇದಕ್ಕಿಂತ ಸಣ್ಣ ಚುಕ್ಕಿ ಏಕೆ? ಸಣ್ಣ ಚುಕ್ಕಿಯಲ್ಲಿ ಟ್ರಿಗರ್ ಎಳೆಯುವಾಗಿನ ನಡುಕವೂ ಜಾಸ್ತಿ ಕಾಣುತ್ತದೆ. ಹ್ಯಾಮರನ್ನು ಎತ್ತುವುದು, ಬಿಡುವುದು ಎರಡನ್ನೂ ಟ್ರಿಗರೇ ಮಾಡುವ ಡಬಲ್ ಆಕ್ಷನ್ನಿನ ಉದ್ದನೆಯ ಎಳೆತದಲ್ಲಿ ಕೈ ನಡುಗೇ ನಡುಗುತ್ತದೆ. ಹಳೆಯ ಸೈಟ್ ಅದನ್ನು ಮುಚ್ಚಿಡುತ್ತಿತ್ತು.

ಆದರೆ ಹುಡುಗನ ವಿಷಯ ಇಷ್ಟು ಸುಲಭವಾಗಿ ಮುಗಿಯುತ್ತಿಲ್ಲ. ಅವನ ಕಣ್ಣು ಸರಿಯಾಗಿತ್ತು. ಎರಡು ಸಲ ನೋಡಿದ, ಎರಡು ಸಲವೂ ದುಂಡಗೇ ಕಂಡಿತು. ಆದರೂ "ಹೌದಾ ಸರ್?" ಅಂದ. ಅಷ್ಟು ಮರ್ಯಾದೆ ಯಾಕಪ್ಪಾ ನಿನಗೆ ಎಂದು ಒಮ್ಮೊಮ್ಮೆ ಅವನ ಮೇಲೇ ರೇಗುತ್ತದೆ. ಆಮೇಲೆ ನೆನಪಾಗುತ್ತದೆ, ಅದು ಪ್ರಶ್ನೆ. ಹೌದು ಅಂದವನು ನಾನು. ಹದಿನೈದು ವರ್ಷದಲ್ಲಿ ಹೀಗೆ ಎಷ್ಟು ಜನಕ್ಕೆ ಹಿಡಿತ ಸರಿ ಇಲ್ಲ, ನಿಲುವು ಸರಿ ಇಲ್ಲ ಅಂದಿದ್ದೇನೋ! ಇಬ್ಬರು ಆಟವನ್ನೇ ಬಿಟ್ಟರು. ಅವರಿಗೆ ಏನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಒಬ್ಬನಿಗೆ ಹೇಳಿದ್ದು ನೆನಪಿದೆ. ಅದು ಸರಿಯಾಗಿಯೇ ಇತ್ತು ಅನಿಸುತ್ತದೆ. ಅನಿಸುತ್ತದೆ, ಅಷ್ಟೇ.

ಬೆಲೆಯಲ್ಲಿ ಕಳೆದುಕೊಂಡದ್ದನ್ನು ಕೊಡುತ್ತೇನೆ ಅಂದೆ, ಹುಡುಗ ಒಪ್ಪಲಿಲ್ಲ. ಮೇಷ್ಟ್ರಂತೂ ಸೈಟ್ ವಾಪಸ್ ಕೊಡುವ ಮಾತೇ ಎತ್ತಿಲ್ಲ. ಅವರು ಎತ್ತುವವರೂ ಅಲ್ಲ.

ಕನ್ನಡಕ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಹುಡುಗನಿಂದ ಒಂದು ಮೆಸೇಜ್ ಬಂತು. ಬೇರೆ ಸೈಟ್ ನೋಡಿದ್ದಾನೆ. ಗಾಜಿನ ಹಿಂದೆ ಫೋನ್ ಹಿಡಿದು ಫೋಟೊ ತೆಗೆದು ಕಳಿಸಿದ್ದಾನೆ. ಕೆಳಗೆ ಒಂದೇ ಸಾಲು: "ಸರ್, ಇದು ತಗೊಳ್ಳಬಹುದಾ?"

ಫೋಟೊ ದೊಡ್ಡದು ಮಾಡಿ ನೋಡಿದೆ. ಹೆಂಡತಿಗೂ ತೋರಿಸಿದೆ. ಇಬ್ಬರಿಗೂ ದುಂಡಗೇ ಇದೆ. ಬೆಳಗ್ಗೆಯಿಂದ ಮೂರು ಸಲ ಉತ್ತರ ಬರೆದು ಅಳಿಸಿದ್ದೇನೆ.