ತೆಳ್ಳನೆ ಕೂದಲಿನ ಶಾಂಪೂ: ಚಪ್ಪಟೆ ರೋಗದ ಮೂಲ ಸಿಕ್ಕಿತು

ನಾನು ಮನೆಯಲ್ಲೇ ಮಾಡುವ ಶಾಂಪೂ ಹಾಕಿದ ಕೂದಲನ್ನು ಎರಡೇ ವಾರಕ್ಕೆ ಚಪ್ಪಟೆ ಮಾಡುತ್ತಿದ್ದ ಕಳ್ಳ ಸಿಕ್ಕಿಬಿದ್ದ. ಬೋರ್ ನೀರಲ್ಲ, ಟ್ಯಾಂಕರ್ ನೀರೂ ಅಲ್ಲ. ಕೂದಲು ನುಣುಪಾಗಿಸುತ್ತದೆ ಅಂತ ಎಲ್ಲರೂ ಹಾಡಿ ಹೊಗಳುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಪಾಲಿಕ್ವಾಟರ್ನಿಯಂ-10, ಚಿಕ್ಕದಾಗಿ ಪಾಲಿಕ್ವಾಟ್!

ಹೊಸದಾಗಿ ಓದುತ್ತಿರುವವರಿಗೆ ಚುಟುಕಾಗಿ: ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರಿ ನನ್ನ ಜಡೆ ಇಲಿಬಾಲ ಆಗಿದೆ. ಉದುರುವುದನ್ನು ನೋಡಿಕೊಳ್ಳೋಕೆ ಡಾಕ್ಟರ್ ಇದ್ದಾರೆ. ಫೆರಿಟಿನ್ (ಮೈಯಲ್ಲಿನ ಕಬ್ಬಿಣಾಂಶದ ದಾಸ್ತಾನು), ಥೈರಾಯ್ಡ್ ಎಲ್ಲಾ ಪರೀಕ್ಷೆ ಮಾಡಿಸಿಯಾಗಿದೆ. ಶಾಂಪೂ ಹಾಕಿದರೆ ಕೂದಲು ಹುಟ್ಟಲ್ಲ, ಅದು ನಮಗೆಲ್ಲಾ ಗೊತ್ತಿರೋದೇ. ನನಗೆ ಬೇಕಿರುವುದು ಇಷ್ಟೇ: ಉಳಿದಿರುವ ಕೂದಲು ತುಂಬಿಕೊಂಡ ಹಾಗೆ ಕಾಣಬೇಕು, ಬೈತಲೆಯಲ್ಲಿ ನೆತ್ತಿ ಇಣುಕಬಾರದು.

ಶಾಂಪೂವಿನ ಮೂಲ ಮಿಶ್ರಣ ಬದಲಾಗಿಲ್ಲ. ನೊರೆ ಬರಿಸಿ ಕೊಳೆ ತೆಗೆಯುವ ಎಸ್‌ಎಲ್‌ಇಎಸ್, ಬೀಟೈನ್, ತೇವ ಹಿಡಿದಿಡುವ 1% ಪ್ಯಾಂಥೆನಾಲ್, 2% ಹೈಡ್ರೊಲೈಸ್ಡ್ (ಸಣ್ಣಗೆ ಒಡೆದ) ಗೋಧಿ ಪ್ರೋಟೀನ್, ಕೆಡದಂತೆ ಸೋಡಿಯಂ ಬೆಂಜೊಯೇಟ್, ಜೊತೆಗೆ ಪಾಲಿಕ್ವಾಟ್. ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 5ಕ್ಕೆ ಇಳಿಸಿದ್ದೇನೆ. ಉಪ್ಪು ಹಾಕಿ ಗಟ್ಟಿ ಮಾಡುವ ಹಂತ ಬಿಡಿ, ಒಂದು ಚಿಟಿಕೆ ಜಾಸ್ತಿಯಾದರೆ ಮತ್ತೆ ನೀರಾಗುವ ಗೋಳು ಯಾರಿಗೆ ಗೊತ್ತಿಲ್ಲ!

ತೊಂದರೆ ಏನಪ್ಪಾ ಅಂದರೆ, ಹೊಸ ಬಾಟಲಿಯಲ್ಲಿ ಮೊದಲ ತಲೆಸ್ನಾನ ಅದ್ಭುತ. ಬುಡ ಎದ್ದು ನಿಲ್ಲುತ್ತದೆ, ಕೈಯಲ್ಲಿ ಹಿಡಿದರೆ ಜುಟ್ಟು ತುಂಬಿದ ಹಾಗಿರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಶಾಂಪೂ, ಅದೇ ಕೂದಲು, ಆದರೆ ಎಣ್ಣೆ ಸವರಿದ ಹಾಗೆ ನೆತ್ತಿಗೆ ಅಂಟಿಕೊಂಡಿರುತ್ತದೆ. ಮುಟ್ಟಿದರೆ ಜಿಡ್ಡಿಲ್ಲ, ಒಂಥರಾ ಮೇಣದ ನುಣುಪು.

ಬೆಂಗಳೂರಿನಲ್ಲಿ ಕೂದಲಿಗೆ ಏನಾದರೂ ಬೋರ್‌ವೆಲ್ ಮೇಲೇ ಅಪವಾದ. ಅದಕ್ಕೆ ಕಾರಣವೂ ಇದೆ ಅನ್ನಿ. ಕುಡಿಯುವ ನೀರಿಗೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ), ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಿಕೊಳ್ಳಿ ಅನ್ನುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಬಕೆಟ್‌ಗಳ ಮೇಲಿನ ಬಿಳಿ ಪಟ್ಟೆ ನೋಡಿದರೆ ಸಾಕು, ಪರೀಕ್ಷೆ ಬೇಡ. ಹಾಗಾಗಿ ಗಡಸು ನೀರಿನ ಲವಣಗಳನ್ನು ಹಿಡಿದಿಡುವ ಡೈಸೋಡಿಯಂ ಇಡಿಟಿಎ ಸೇರಿಸಿದೆ. ಕೂದಲು ಕ್ಯಾರೇ ಅನ್ನಲಿಲ್ಲ.

ಸ್ವಂತ ತಲೆಯ ಮೇಲೆ ಪ್ರಯೋಗ ಸಾಕು ಅಂತ ಅತ್ತೆಯ ಹಳೆಯ ಚೌರಿ ಕೇಳಿದೆ. ಒಂದು ಎಳೆಗೆ ಕಡ್ಡಿ ಗೀರಿ ನೋಡಿದೆ. ಸುಟ್ಟ ಕೂದಲಿನ ನಾತ ಬಂತು, ಕೈಯಲ್ಲಿ ಪುಡಿಯಾಯಿತು. ಅಸಲಿ. ನೈಲಾನ್ ಆಗಿದ್ದರೆ ಕರಗಿ ಗಟ್ಟಿ ಉಂಡೆ ಆಗುತ್ತಿತ್ತು. ಅದನ್ನು ಸಣ್ಣ ಸಣ್ಣ ಕುಚ್ಚು ಮಾಡಿ, ಬುಡಕ್ಕೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಕೆಂಪು ದಾರದ್ದಕ್ಕೆ ಪಾಲಿಕ್ವಾಟ್ ಇರುವ ಶಾಂಪೂ, ಬೋರ್ ನೀರು. ಹಸಿರಿಗೆ ಅದೇ ಶಾಂಪೂ, ಆರ್‌ಒ ನೀರು. ಹಳದಿಗೆ ಪಾಲಿಕ್ವಾಟ್ ಇಲ್ಲದ್ದು, ಬೋರ್ ನೀರು. ತೊಳೆ, ಒಣಗಿಸು, ಮತ್ತೆ ತೊಳೆ. ಬಟ್ಟೆ ಒಣಗಿಸುವ ಹಗ್ಗದಲ್ಲಿ ಬಣ್ಣದ ದಾರ ಕಟ್ಟಿದ ಕೂದಲ ಕುಚ್ಚು ನೇತಾಡುವುದನ್ನು ನೋಡಿ ಪಕ್ಕದ ಮನೆಯವರು ಮಾಟ ಮಂತ್ರ ಅಂದುಕೊಂಡಿರಬೇಕು. ಈಚೆಗೆ ಸಕ್ಕರೆ ಕೇಳೋಕೂ ಬರುತ್ತಿಲ್ಲ.

ಫಲಿತಾಂಶ ನೋಡಿ: ಆರ್‌ಒ ನೀರಿನ ಹಸಿರು ಕುಚ್ಚೂ ಚಪ್ಪಟೆ! ಬೋರ್ ನೀರಿನ ಹಳದಿ ಸ್ವಲ್ಪ ಒರಟು, ಆದರೆ ಉಬ್ಬಿಕೊಂಡು ನಿಂತಿದೆ.

ಆಗುವುದಿಷ್ಟು. ಪಾಲಿಕ್ವಾಟ್-10 ಧನ ವಿದ್ಯುದಂಶದ್ದು, ಎಸ್‌ಎಲ್‌ಇಎಸ್ ಋಣ. ಬಾಟಲಿಯಲ್ಲಿ ಎರಡೂ ಕರಗಿಕೊಂಡು ತೆಪ್ಪಗಿರುತ್ತವೆ. ತಲೆಗೆ ನೀರು ಸುರಿದು ಶಾಂಪೂ ತೆಳುವಾದ ಕೂಡಲೇ ಇವೆರಡೂ ಜೊತೆಯಾಗಿ ಕರಗದ ಲೋಳೆಯಾಗಿ ಕೂದಲಿನ ಮೇಲೆ ಕೂರುತ್ತವೆ. ಮೊದಲ ಸಲದ ಆ ತುಂಬಿದ ಭಾವ ಈ ಪದರದ್ದೇ. ಆದರೆ ಮುಂದಿನ ಸ್ನಾನದಲ್ಲಿ ಅದು ಪೂರ್ತಿ ಹೋಗಲ್ಲ, ಮೇಲೆ ಇನ್ನೊಂದು ಪದರ ಬೀಳುತ್ತದೆ. ದಪ್ಪ ಕೂದಲು ಈ ಭಾರ ತಡೆದುಕೊಳ್ಳುತ್ತದೆ. ನಮ್ಮಂಥವರ ಸಣ್ಣ ಎಳೆ ಮಲಗಿಬಿಡುತ್ತದೆ. ಹಸಿರು ಕುಚ್ಚನ್ನು ಪಾಲಿಮರ್ ಇಲ್ಲದ ಶಾಂಪೂವಿನಲ್ಲಿ ಪದೇ ಪದೇ ತೊಳೆದ ಮೇಲೆ ನಿಧಾನಕ್ಕೆ ಎದ್ದಿತು.

ಇದರಲ್ಲಿ ಸಪ್ಲೈಯರ್ ಮಹಾಶಯರ ಪಾಲೂ ಇದೆ. ಒಬ್ಬರು ಲೇಬಲ್ ಮೇಲೆ ಬರೀ ‘ಪಾಲಿಕ್ವಾಟ್’ ಅಂತ ಬರೆದು ಕಳಿಸಿದರು. ಪಾಲಿಕ್ವಾಟ್-7 ಆದರೆ ದ್ರಾವಣ, ಅದರಲ್ಲಿ ಅಸಲಿ ಮಾಲು ಶೇಕಡಾ ಹತ್ತರ ಆಸುಪಾಸು. 10 ಆದರೆ ಪುಡಿ. ಪುಡಿ ಬಂದಿದ್ದಕ್ಕೆ ಬಚಾವ್. ಗೋಧಿ ಪ್ರೋಟೀನ್ ಕಳಿಸಿದ ಇನ್ನೊಬ್ಬರದ್ದು ಹಳಸಿದ ಗಂಜಿಯ ವಾಸನೆ. ಕೇಳಿದರೆ ‘ಮೇಡಂ, ನ್ಯಾಚುರಲ್ ಅಲ್ವಾ’ ಅಂತೆ!

ಹಾಗಾಗಿ ಶಾಂಪೂವಿನಿಂದ ಪಾಲಿಕ್ವಾಟ್ ಹೊರಗೆ. ಬರುವ ಒರಟುತನಕ್ಕೆ ತೆಳುವಾದ ಕಂಡೀಷನರ್ ಸಾಕು: ಕೂದಲು ಮೆದುವಾಗಿಸುವ ಸೆಟ್ರಿಮೋನಿಯಂ ಕ್ಲೋರೈಡ್, ಮೇಣದಂಥ ಸೀಟೈಲ್ ಆಲ್ಕೊಹಾಲ್ ಸ್ವಲ್ಪವೇ, ಡೈಮೆಥಿಕೋನ್ (ಒಂದು ಸಿಲಿಕೋನ್) ಬೇಡ. ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ ಚೆನ್ನಾಗಿ ತೊಳೆಯಬೇಕು.

ಅಂಗಡಿಯದ್ದು ಕೊಳ್ಳುವವರೂ ಲೇಬಲ್ ನೋಡಿ. ‘ವಾಲ್ಯೂಮ್’ ಅಂತ ಮುಂದೆ ದಪ್ಪಕ್ಷರದಲ್ಲಿ ಬರೆದ ಬಾಟಲಿಗಳ ಹಿಂದೆಯೂ ಪಾಲಿಕ್ವಾಟ್, ಡೈಮೆಥಿಕೋನ್, ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್ ಇರಬಹುದು. ಈ ಗ್ವಾರ್ ಬೇರೆ ಯಾರೂ ಅಲ್ಲ, ನಮ್ಮ ಗೋರಿಕಾಯಿ ಬೀಜದ ಅಂಟು. ಪಟ್ಟಿಯ ಕೊನೆಯಲ್ಲಿದೆ ಅಂತ ಸಮಾಧಾನ ಪಡಬೇಡಿ. 1%ಗಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು, ಇವು ಕೆಲಸ ಮಾಡೋಕೆ ಅಷ್ಟೂ ಬೇಕಾಗಿಲ್ಲ. ಅಂಥದ್ದೇ ಇಷ್ಟ ಅಂದರೆ ನಡುನಡುವೆ ಇವಿಲ್ಲದ ಶಾಂಪೂ ಹಾಕಿ ತೊಳೆಯಿರಿ.

‘ಸೀಗೆಕಾಯಿ ಹಾಕಿದ್ದರೆ ಇಷ್ಟೆಲ್ಲಾ ಬೇಕಿತ್ತಾ?’ ಅಂದರು ಅತ್ತೆ. ಸೀಗೆಯಲ್ಲಿ ಈ ಪಾಲಿಮರ್ ಇಲ್ಲ ನಿಜ. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಅವರ ಮಾತಿನಿಂದಲೇ ಮುಂದಿನ ಹುಚ್ಚು ಹತ್ತಿದೆ: ತಲೆ ತೊಳೆದ ಮೇಲೆ ಬುಡಕ್ಕೆ ಸಿಂಪಡಿಸುವ ಸ್ಪ್ರೇ. ಅಗಸೆ ಬೀಜದ ಲೋಳೆ ಒಂದು ಕಡೆ, ದಾಸವಾಳದ ಸೊಪ್ಪಿನ ಲೋಳೆ ಇನ್ನೊಂದು ಕಡೆ. ಹೇಗೂ ಮುಂದಿನ ಸ್ನಾನಕ್ಕೆ ತೊಳೆದು ಹೋಗುತ್ತದೆ. ದಾಸವಾಳದ್ದು ಸೋಸುವಷ್ಟರಲ್ಲಿ ಬಟ್ಟೆ ಕಟ್ಟಿಕೊಳ್ಳುತ್ತದೆ, ಫ್ರಿಜ್‌ನಲ್ಲಿಟ್ಟರೂ ಬೇಗ ಬೂಸ್ಟು. ಹೋಲಿಸಿ ನೋಡೋಕೆ ಕೂದಲನ್ನು ಹಿಡಿದು ನಿಲ್ಲಿಸುವ ಪಾಲಿಮರ್ ಪಿವಿಪಿ ಕೆ-30 ಬೇಕು. ವಿಚಾರಿಸಿದ ಕಡೆಯೆಲ್ಲಾ 25 ಕೆಜಿ ಡ್ರಮ್ ಅಂತಾರೆ. ನೂರು ಗ್ರಾಂ ಕೊಡುವ ಪುಣ್ಯಾತ್ಮರು ಯಾರಾದರೂ ಗೊತ್ತಿದ್ದರೆ ಹೇಳಿ. ಚೌರಿ ಇನ್ನೂ ಅರ್ಧ ಉಳಿದಿದೆ.