‘ನೀನು ಕೇಳಿಸಿದೆ’ ಎಂಬ ಬೈಗುಳ

ಹಾಡಿನ ಕ್ಲಾಸಿನ ಮೊದಲ ದಿನ ಮೇಡಂ ನಮ್ಮನ್ನು ಹಾಡಿಸಲೇ ಇಲ್ಲ. ಆರು ಜನರನ್ನೂ ಸಾಲಾಗಿ ನಿಲ್ಲಿಸಿದರು. “ಬಳೆ, ವಾಚು, ಜೇಬಿನ ಕೀಲಿಕೈ ಎಲ್ಲಾ ಮೇಜಿನ ಮೇಲೆ ಇಡಿ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ” ಎಂದರು. ಆಮೇಲೆ ಫ್ಯಾನ್ ಆರಿಸಿ, ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲಿ ಎಂದರು. ಆ ನಿಶ್ಶಬ್ದದಲ್ಲಿ ನನ್ನ ಹೊಟ್ಟೆ ಗುರ್ ಎಂದಿತು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

“ಇದನ್ನೂ ಮೈಕು ಹಿಡಿಯುತ್ತೆ. ನಾಳೆಯಿಂದ ತಿಂದು ಬಾ. ಹೊಟ್ಟೆ ಬಿರಿಯುವಷ್ಟಲ್ಲ, ಆಮೇಲೆ ಉಸಿರು ಇಳಿಯಲ್ಲ.”

ನಾನು ಕಲಿತ ಮೊದಲ ಸಂಗೀತ ಪಾಠ ಅದು.

ಮೇಡಂ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸ್ಟುಡಿಯೋದಲ್ಲಿ ಹಾಡಿದವರು. ಕೋರಸ್ ಹಾಡಿದ್ದಾರೆ, ಜಾಹೀರಾತು ಹಾಡಿದ್ದಾರೆ, ಬೇರೆಯವರ ದನಿಯ ಕೆಳಗೆ ಇನ್ನೊಂದು ಪದರವಾಗಿ ಹಾಡಿದ್ದಾರೆ. ಟ್ರ್ಯಾಕ್ ಹಾಡಿದ್ದಂತೂ ಲೆಕ್ಕವಿಲ್ಲ. ಟ್ರ್ಯಾಕ್ ಅಂದರೆ, ಮುಖ್ಯ ಗಾಯಕರು ಬಂದು ಕೇಳಿ ಕಲಿಯಲಿ ಎಂದು ಮೊದಲೇ ಹಾಡಿಡುವುದು. ಅವರು ಹಾಡಿ ಹೋದ ಮೇಲೆ ಇವರ ದನಿಯನ್ನು ತೆಗೆದುಬಿಡುತ್ತಾರೆ. “ನಾನು ಹಾಡಿದ್ದರಲ್ಲಿ ಅರ್ಧ ಅಳಿಸಿಹೋಗಿದೆ, ಇನ್ನರ್ಧದಲ್ಲಿ ನಾನಿದ್ದೀನಿ ಅಂತ ಯಾರಿಗೂ ಗೊತ್ತಾಗಲ್ಲ” ಎಂದು ಒಮ್ಮೆ ಹೇಳಿದ್ದರು. ದುಃಖದಿಂದ ಹೇಳಿದ್ದಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ್ದು.

ಬುಧವಾರದ ಕೋರಸ್ ಕ್ಲಾಸ್ ಎಂದರೆ ನಮಗೆಲ್ಲ ಭಯ. ಒಂದೇ ಮೈಕಿನ ಸುತ್ತ ಆರೂ ಜನ ನಿಂತು ಎರಡು ಸಾಲು ಹಾಡಬೇಕು. ಮೇಡಂ ರೆಕಾರ್ಡ್ ಮಾಡಿ ಮತ್ತೆ ಕೇಳಿಸುತ್ತಿದ್ದರು. ಕೇಳಿಸಿ, ಯಾರಾದರೊಬ್ಬರ ಕಡೆ ಬೆರಳು ತೋರಿಸಿ, “ನೀನು ಕೇಳಿಸಿದೆ” ಎನ್ನುತ್ತಿದ್ದರು. ಬೇರೆ ಯಾವ ಕ್ಲಾಸಿನಲ್ಲಾದರೂ ಅದು ಹೊಗಳಿಕೆ. ಇಲ್ಲಿ ಬೈಗುಳ, ಕೋರಸ್‌ನಲ್ಲಿ ಯಾರ ದನಿಯೂ ಬೇರೆಯಾಗಿ ಕೇಳಬಾರದು. ಮೊದಲ ಮೂರು ತಿಂಗಳು ಆ ಬೆರಳು ಹೆಚ್ಚಾಗಿ ನನ್ನ ಕಡೆಗೇ ತಿರುಗುತ್ತಿತ್ತು.

ನನಗೆ ಸಿಟ್ಟು ಬರುತ್ತಿತ್ತು. ಶ್ರುತಿ ಸರಿ ಇತ್ತು, ತಾಳ ಸರಿ ಇತ್ತು, ಇನ್ನೇನು ಬೇಕು? ಬೇಕಾದ್ದು ಬೇರೆಯೇ ಇತ್ತು. ನಾನು ಸ್ವರ ಎಳೆಯುವಾಗ ಗಂಟಲಲ್ಲಿ ಒಂದು ಅಲುಗಾಟ ತಾನಾಗಿಯೇ ಬಂದುಬಿಡುತ್ತಿತ್ತು. ಸೆಕೆಂಡಿಗೆ ಐದಾರು ಸಲ ಸ್ವರ ಮೇಲೆ ಕೆಳಗೆ ತೂಗುವ ಈ ವೈಬ್ರಾಟೋ ಒಬ್ಬರೇ ಹಾಡುವಾಗ ಚೆಂದ. ಆರು ಜನರ ಅಲುಗಾಟ ಆರು ವೇಗದಲ್ಲಿ ಸೇರಿದರೆ ಕೋರಸ್ ಕಲಕಿದ ನೀರಿನಂತಾಗುತ್ತದೆ. ಗೆರೆ ಎಳೆದಷ್ಟು ನೇರವಾಗಿ ಒಂದು ಸ್ವರ ಹಿಡಿಯುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು.

ಇನ್ನೊಂದು ತೊಂದರೆ ಒತ್ತಕ್ಷರದ್ದು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ಅಷ್ಟು ಕಷ್ಟವಿಲ್ಲ. ಆದರೆ ನಡುವೆ ‘ಬಿಟ್ಟು’, ‘ಹೊತ್ತು’ ಬಂದರೆ ಕಥೆ ಮುಗಿಯಿತು. ಆರು ಜನ ಆ ‘ಟ್ಟ’ವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಬಿಟ್ಟರೂ ತಗಡಿನ ಮೇಲೆ ಕಲ್ಲು ಸುರಿದ ಸದ್ದು. ‘ಸ’, ‘ಶ’ ಆದರೆ ಹಾವು ಬುಸುಗುಟ್ಟಿದ ಹಾಗೆ. ಮೇಡಂ ಇದಕ್ಕೊಂದು ಉಪಾಯ ಹೇಳಿಕೊಟ್ಟರು. ಒಬ್ಬರು ಮಾತ್ರ ‘ಸ’ವನ್ನು ಸ್ಪಷ್ಟವಾಗಿ ಹಾಡಬೇಕು, ಉಳಿದವರು ಅದನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟಬೇಕು. ಕೇಳುವವರಿಗೆ ಆರೂ ಜನ ಹೇಳಿದ ಹಾಗೇ ಇರುತ್ತದೆ. ಇದು ಮೋಸ ಅಲ್ವಾ ಮೇಡಂ ಎಂದು ಕೇಳಿದ್ದೆ. “ಅಲ್ಲ, ಕೆಲಸ” ಎಂದಿದ್ದರು.

‘ಭ’, ‘ಫ’ಗಳಿಗೆ ಬೇರೆ ಪಾಠ. ಬಾಯಿಯ ಮುಂದೆ ಅಂಗೈ ಹಿಡಿದು ‘ಬಾ’ ಎನ್ನಿ, ಆಮೇಲೆ ‘ಭಾ’ ಎನ್ನಿ. ಕೈಗೆ ಬಡಿಯುವ ಆ ಗಾಳಿಯೇ ಮೈಕಿಗೆ ಬಡಿದು ‘ಢಬ್’ ಎನ್ನುವುದು. ಮುಂದೆ ಬಲೆಯ ಪರದೆ ಇದ್ದರೂ ಪೂರ್ತಿ ತಡೆಯುವುದಿಲ್ಲ. ಮೈಕಿನಿಂದ ಒಂದು ಗೇಣು ದೂರ ನಿಂತು, ಆ ಅಕ್ಷರ ಬಂದಾಗ ಮುಖವನ್ನು ಸ್ವಲ್ಪವೇ ಓರೆ ಮಾಡಬೇಕು. ತೀರಾ ಹತ್ತಿರ ಹೋದರೆ ದನಿ ದಪ್ಪವಾಗಿ ಕೇಳುತ್ತದೆ, ಅದು ಮೈಕಿನ ಗುಣ. ಕೆಲವು ಸಲ ಅದೇ ಬೇಕಾಗುತ್ತದೆ. ಹೆಡ್‌ಫೋನಿನ ಒಂದು ಕಡೆಯನ್ನು ಕಿವಿಯಿಂದ ಅರ್ಧ ಸರಿಸಿಕೊಳ್ಳುವುದನ್ನೂ ಮೇಡಂ ಅವರಿಂದಲೇ ಕಲಿತೆ. ನಮ್ಮ ದನಿ ಗಾಳಿಯಲ್ಲೂ ಕೇಳಿಸಿದರೆ ಶ್ರುತಿ ತಪ್ಪುವುದು ಕಡಿಮೆ.

ಗಂಟಲಿನ ವಿಷಯದಲ್ಲಿ ಮೇಡಂ ಡಾಕ್ಟರರಿಗಿಂತ ಕಟ್ಟುನಿಟ್ಟು. ಹೆಂಗಸರ ಧ್ವನಿತಂತುಗಳ ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಷ್ಟೇ. 440 ಹರ್ಟ್ಸ್‌ನ ಸ್ವರ ಹಾಡುವಾಗ ಅವು ಒಂದು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಈ ಲೆಕ್ಕ ಹೇಳಿ, “ಈಗ ಕಿರುಚಿ ನೋಡೋಣ” ಎನ್ನುತ್ತಿದ್ದರು. ಯಾರೂ ಕಿರುಚುತ್ತಿರಲಿಲ್ಲ. ಹಾಡುವ ಮುಂಚೆ ಗಟಗಟ ನೀರು ಕುಡಿಯುತ್ತಿದ್ದ ನನಗೆ, ಆ ನೀರು ತಂತುಗಳನ್ನು ಮುಟ್ಟುವುದೇ ಇಲ್ಲ ಎಂದು ಹೇಳಿದವರೂ ಅವರೇ. ನೀರು ಅನ್ನನಾಳಕ್ಕೆ ಹೋಗುತ್ತದೆ. ಮೈಯಲ್ಲೆಲ್ಲ ಸೇರಿ ತಂತುಗಳ ಪಸೆ ಉಳಿಯಬೇಕಾದರೆ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು.

ಮ್ಯಾನುಯೆಲ್ ಗಾರ್ಸಿಯಾ ಹೆಸರು ಕೇಳಿದ್ದೂ ಆ ಕ್ಲಾಸಿನಲ್ಲೇ. 1854ರಲ್ಲಿ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟು, ತನ್ನ ಧ್ವನಿತಂತುಗಳನ್ನು ತಾನೇ ನೋಡಿಕೊಂಡ ಮನುಷ್ಯ. ಅವರು ಡಾಕ್ಟರಲ್ಲ, ಹಾಡಿನ ಮೇಷ್ಟ್ರು. ಮೇಡಂಗೆ ಇದು ಭಾರಿ ಹೆಮ್ಮೆಯ ವಿಷಯ, ತಮ್ಮ ಮನೆಯವರೇ ಯಾರೋ ಕಂಡುಹಿಡಿದ ಹಾಗೆ ಹೇಳುತ್ತಿದ್ದರು.

ಎರಡನೇ ವರ್ಷ ವಾರ್ಷಿಕ ಕಾರ್ಯಕ್ರಮಕ್ಕೆ ಹತ್ತು ದಿನವಿದ್ದಾಗ ನನಗೆ ನೆಗಡಿ ಬಂತು. ಗಂಟಲು ಉಳಿಸಿಕೊಳ್ಳುತ್ತೇನೆ ಎಂದು ಎಲ್ಲರ ಜೊತೆ ಪಿಸುಗುಟ್ಟುತ್ತಾ ಓಡಾಡಿದೆ. ಮೇಡಂ ನೋಡಿ ರೇಗಿದರು. ಬಿಗಿಹಿಡಿದು ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಲ್ಲಿಂದ? ಮೂರು ದಿನ ಪೂರ್ತಿ ಮೌನ, ಬೇಕಿದ್ದರೆ ಬರೆದು ತೋರಿಸು ಎಂದರು. ನಾಲ್ಕನೇ ದಿನ ಒಂದು ಸ್ಟ್ರಾ ಕೊಟ್ಟರು. ಅದನ್ನು ತುಟಿಯಲ್ಲಿ ಹಿಡಿದು ಅದರೊಳಗೆ ‘ಊ’ ಎಂದು ಮೆಲ್ಲಗೆ ಸ್ವರ ಏರಿಸಿ ಇಳಿಸಬೇಕು. ಕಿರಿದಾದ ಬಾಯಲ್ಲಿ ಹೊರಗೆ ಹೋಗಲಾಗದ ಗಾಳಿ ಹಿಂದಕ್ಕೆ ಒತ್ತುವುದರಿಂದ ತಂತುಗಳು ಜೋರಾಗಿ ಬಡಿದುಕೊಳ್ಳುವುದಿಲ್ಲ. ನೋಡುವವರಿಗೆ ನಗು ಬರುತ್ತದೆ, ನಿಜ. ಕಾರ್ಯಕ್ರಮದಲ್ಲಿ ಹಾಡಿದೆ. ಎರಡು ಮೂರು ವಾರವಾದರೂ ದನಿ ಒಡೆದೇ ಇದ್ದರೆ ತಮ್ಮ ಹತ್ತಿರ ಬರಬಾರದು, ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಬೇಕು ಎಂದು ಗೋಡೆಯ ಮೇಲೇ ಬರೆಸಿದ್ದರು.

ಎಲ್ಲದರಲ್ಲೂ ನಾನು ಅವರ ಮಾತು ಒಪ್ಪಿದ್ದೆ ಎಂದಲ್ಲ. 1997ರಲ್ಲಿ, ತಪ್ಪಿದ ಶ್ರುತಿಯನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವ ಆಟೋಟ್ಯೂನ್ ಬಂದ ಮೇಲೆ ಹಾಡುವವರು ಸೋಮಾರಿಗಳಾದರು ಎಂಬುದು ಅವರ ಖಾಯಂ ದೂರು. ನನಗೆ ಹಾಗನ್ನಿಸುವುದಿಲ್ಲ. ಹದಿನೈದನೇ ಟೇಕಿನ ಸರಿಯಾದ ಶ್ರುತಿಗಿಂತ, ಎರಡನೇ ಟೇಕಿನ ಒಳ್ಳೆಯ ಭಾವವನ್ನು ಉಳಿಸಿಕೊಂಡು ಒಂದು ಸ್ವರ ಸರಿಪಡಿಸಿದರೆ ತಪ್ಪೇನು? ಇದನ್ನು ಅವರ ಮುಂದೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ದುಡ್ಡು ಕಾಸಿನ ವಿಷಯಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟಿದ್ದರು. ಮೊದಲು ಮಾರ್ನಿ ನಿಕ್ಸನ್ ಕಥೆ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್‌ಗೆ ಹಾಡಿದ ದನಿ ಅವರದು. ತೆರೆಯ ಮೇಲೆ ಅವರ ಹೆಸರಿರಲಿಲ್ಲ. ಆಮೇಲೆ ಕ್ಲೇರ್ ಟೋರಿ ಎಂಬ ಗಾಯಕಿಯ ಕಥೆ. 1973ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ತಂಡದ ಆಲ್ಬಂಗೆ ಮಾತೇ ಇಲ್ಲದ ಒಂದು ಹಾಡನ್ನು ಅಲ್ಲೇ ನಿಂತು ಕಟ್ಟಿ ಹಾಡಿದರು. ಸಿಕ್ಕಿದ್ದು 30 ಪೌಂಡು. 2004ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು, ಆಮೇಲೆ ರಚನೆಯಲ್ಲಿ ಅವರ ಹೆಸರೂ ಸೇರಿತು. “ಮೂವತ್ತು ವರ್ಷ ಕಾಯುವ ತಾಳ್ಮೆ ಇದೆಯಾ? ಇಲ್ಲ ಅಂದ್ರೆ ಹಾಡುವ ಮುಂಚೆ ಒಪ್ಪಂದದ ಕಾಗದ ಓದಿ” ಎಂದರು. ಅವರ ಟ್ರ್ಯಾಕ್ ಒಂದನ್ನು ಯಾರೋ ಹಾಗೇ ಇಟ್ಟುಕೊಂಡು ಬೇರೆ ಹೆಸರಿನಲ್ಲಿ ಬಿಟ್ಟಿದ್ದರಂತೆ. ಯಾರು ಎಂದು ನಾವೆಷ್ಟು ಕೇಳಿದರೂ ಹೇಳಲಿಲ್ಲ.

ಹೋದ ವರ್ಷ ಅವರನ್ನು ನೋಡಲು ಹೋಗಿದ್ದೆ. ನಾನು ಹಾಡಿದ್ದ ಒಂದು ಕೋರಸ್ ಫೋನಿನಲ್ಲಿ ಕೇಳಿಸಿದೆ. ಎಂಟು ದನಿ ಇತ್ತು. ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕು ಎಂದರು. ಮೂರನೇ ಸಲವೂ ಕೇಳಿ ಕಣ್ಣು ಬಿಟ್ಟರು.

“ಎಲ್ಲಿದ್ದೀಯ ನೀನು?”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಸುಮ್ನೆ ನಕ್ಕೆ. ಮೇಡಂ ಫೋನು ವಾಪಸ್ ಕೊಡುತ್ತಾ, “ಎರಡನೇ ಸಾಲಿನಲ್ಲಿ ಯಾರೋ ‘ಸ’ ಬೇಗ ಬಿಟ್ಟಿದ್ದಾರೆ, ಅವರಿಗೆ ಹೇಳು” ಎಂದರು.

ಹೇಳುತ್ತೇನೆ ಮೇಡಂ ಎಂದೆ. ಅದು ನಾನೇ ಎಂದು ಹೇಳಲಿಲ್ಲ.