ಬೆಂಚಿನ ಹಿಂದೆ ನಿಂತವರು

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡು ಎಂದು ಮೇಡಂ ಫೋನ್ ಮಾಡಿದಾಗ ಮಡಿಕೇರಿಯ ಮಂಜು, ಕ್ಯಾಂಟೀನಿನ ಟೀ, ಮಳೆಗೆ ಒಣಗದ ಯೂನಿಫಾರ್ಮ್ ಎಲ್ಲ ಕಣ್ಣ ಮುಂದೆ ಬಂದವು. ಅವನ್ನೆಲ್ಲ ನನ್ನ ಹಿಂದಿನವರು ಚೆನ್ನಾಗಿಯೇ ಬರೆದಿದ್ದಾರೆ. ನಾನು ಬೇರೆ ದೇಶದ ಕೋಚ್ ಒಬ್ಬರ ಬಗ್ಗೆ ಬರೆಯುತ್ತೇನೆ. ಅವರು ನನಗೆ ಕಲಿಸಿದವರಲ್ಲ, ಒಂದು ಸಲ ಮಾತಾಡಿಸಿದವರೂ ಅಲ್ಲ.

ಮೊದಲು ನಮ್ಮ ಮೈದಾನದ ಸಂಗತಿ. 2011ರಲ್ಲಿ, ಡಿಗ್ರಿಯ ಕೊನೆಯ ವರ್ಷ, ಅಂತರಕಾಲೇಜು ಹಾಕಿ ಫೈನಲ್‌ನಲ್ಲಿ ಪೆನಾಲ್ಟಿ ಸ್ಟ್ರೋಕ್ ಹೊಡೆಯಲು ನಿಂತವಳು ನಾನು. ಚೆಂಡು ನೇರ ಗೋಲ್‌ಕೀಪರಿನ ಪ್ಯಾಡಿಗೆ ಹೋಯಿತು. ಆಟವೂ ಹೋಯಿತು. ಬಸ್ಸಿನಲ್ಲಿ ಸರ್ ಒಂದೇ ಮಾತು ಹೇಳಿದ್ದರು: "ನಾಳೆ ಬೆಳಿಗ್ಗೆ ಆರಕ್ಕೆ ಬಾ." ನಾನು ಹೋಗಲಿಲ್ಲ. ಸ್ಟಿಕ್ ಅಟ್ಟ ಸೇರಿತು.

2014ರಲ್ಲಿ ಸಮಾಜಕಾರ್ಯ ಓದಲು ಬಾಸ್ಟನ್ ಕಾಲೇಜಿಗೆ ಹೋದೆ. ಗ್ರೀನ್ ಲೈನ್ ಟ್ರಾಮಿನ ಒಂದು ಕವಲು ಕೊನೆಯಾಗುವುದೇ ಆ ಕಾಲೇಜಿನ ಹತ್ತಿರ. ಅಲ್ಲಿನ ಕಾಂಟೆ ಫೋರಂ ಕ್ರೀಡಾಂಗಣದಲ್ಲಿ ಹೆಣ್ಣುಮಕ್ಕಳ ಹಾಕಿ ಇದೆ ಎಂದು ಗೊತ್ತಾದಾಗ ಕೊಡಗಿನವಳ ಜಂಬದಲ್ಲೇ ಹೊರಟೆ. 1997ರಿಂದ ಒಕ್ಕಕ್ಕೊಂದು, ಅಂದರೆ ಮನೆತನಕ್ಕೊಂದು, ತಂಡ ಕಟ್ಟಿ ಹಾಕಿ ಹಬ್ಬ ಮಾಡುವ ಊರಿನವಳಿಗೆ ಇವರೇನು ತೋರಿಸುತ್ತಾರೆ!

ಜಂಬ ಹತ್ತು ನಿಮಿಷದಲ್ಲಿ ಇಳಿಯಿತು. ಅದು ಐಸ್ ಹಾಕಿ: ಮೈದಾನದ ಬದಲು ಮಂಜುಗಡ್ಡೆ, ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಪುಟಿಯದಿರಲಿ ಎಂದು ಅದನ್ನು ಮೊದಲೇ ಫ್ರೀಜರಿನಲ್ಲಿಟ್ಟಿರುತ್ತಾರೆ. ಅದು ಎಲ್ಲಿ ಹೋಯಿತೆಂದು ನಾನು ಹುಡುಕುವಷ್ಟರಲ್ಲಿ ಆಟ ಇನ್ನೊಂದು ತುದಿಯಲ್ಲಿರುತ್ತಿತ್ತು. ಆಡುವವರು ಮುಕ್ಕಾಲು ನಿಮಿಷಕ್ಕೆಲ್ಲ ಸುಸ್ತಾಗಿ ಅಡ್ಡಗೋಡೆ ಹಾರಿ ತಮ್ಮ ಬೆಂಚಿಗೆ ಬರುತ್ತಾರೆ, ಆಟ ನಿಲ್ಲುವುದೇ ಇಲ್ಲ, ಆಗಲೇ ಬೇರೆ ಐವರು ಹಾರಿಹೋಗಿರುತ್ತಾರೆ. ಬಿಲ್ಲೆ ಕಣ್ಣಿಗೆ ಸಿಗದಾಗೆಲ್ಲ ನಾನು ಆ ಬೆಂಚನ್ನೇ ನೋಡುತ್ತಿದ್ದೆ. ಬೆಂಚಿನ ಹಿಂದೆ ನಿಂತಿರುತ್ತಿದ್ದವರು ಕೇಟಿ ಕಿಂಗ್ ಕ್ರೌಲಿ, 2007ರಿಂದ ಆ ತಂಡದ ಮುಖ್ಯ ಕೋಚ್. ಹಿಂದೆ ಒಲಿಂಪಿಕ್ಸ್ ಆಡಿದವರಂತೆ ಎಂದು ಪಕ್ಕದ ಸೀಟಿನವರು ಹೇಳಿದ್ದರು. ಆಗ ನಾನು ಅದರ ಬೆನ್ನು ಹತ್ತಿ ಹೋಗಲಿಲ್ಲ.

2015-16ರ ಋತು ನನ್ನ ಅಲ್ಲಿನ ಕೊನೆಯ ವರ್ಷ. ತಂಡ ಸೋಲುವುದನ್ನೇ ಮರೆತಂತಿತ್ತು. ಅಲೆಕ್ಸ್ ಕಾರ್ಪೆಂಟರ್ ಎಂಬ ಹುಡುಗಿ, ಹಿಂದಿನ ವರ್ಷವೇ ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ ಕೊಡುವ ಪ್ರಶಸ್ತಿ ಗೆದ್ದವಳು, ಬಿಲ್ಲೆ ಅವಳ ಕೋಲಿಗೆ ಸಿಕ್ಕರೆ ನಾನೂ ಎದ್ದು ನಿಲ್ಲುತ್ತಿದ್ದೆ. ನಲವತ್ತು ಪಂದ್ಯ, ನಲವತ್ತೂ ಗೆಲುವು. ನಲವತ್ತೊಂದನೆಯದು ರಾಷ್ಟ್ರೀಯ ಫೈನಲ್, ಮಾರ್ಚ್ 20ರಂದು, ನ್ಯೂ ಹ್ಯಾಂಪ್‌ಶೈರ್‌ನ ಡರ್ಹಮ್‌ನಲ್ಲಿ. ಕೇಟಿ ಹುಟ್ಟಿದ ರಾಜ್ಯವೇ ಅದು. ಅಸೈನ್‌ಮೆಂಟ್ ಬದಿಗಿಟ್ಟು ರೈಲು ಹತ್ತಿದೆ. ಎದುರಾಳಿ ಮಿನೆಸೋಟ. ನಾನು ಸರಿಯಾಗಿ ಕೂರುವ ಮೊದಲೇ, ಮೊದಲ ನಿಮಿಷದಲ್ಲೇ, ಗೋಲು ಬಿತ್ತು. ಕೊನೆಗೆ 3-1. ಹುಡುಗಿಯರು ಹೆಲ್ಮೆಟ್ ತೆಗೆಯದೆ ಅಳುತ್ತಿದ್ದರು. ನನಗೆ ನಮ್ಮ ಆ ಬಸ್ಸು ನೆನಪಾಯಿತು.

ವಾಪಸು ರೈಲಿನಲ್ಲಿ ಫೋನ್ ತೆಗೆದು ಆ ಕೋಚ್ ಯಾರೆಂದು ಕೊನೆಗೂ ಹುಡುಕಿದೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹಾಕಿಯ ಜೊತೆಗೆ ಸಾಫ್ಟ್‌ಬಾಲನ್ನೂ ಆಡಿದವರು. 1998ರಲ್ಲಿ ನಾಗಾನೊದಲ್ಲಿ ಮಹಿಳಾ ಐಸ್ ಹಾಕಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಕೆನಡಾವನ್ನು ಸೋಲಿಸಿ ಚಿನ್ನ ಗೆದ್ದ ಅಮೆರಿಕ ತಂಡದ ಫಾರ್ವರ್ಡ್. 2002ರಲ್ಲಿ ಸ್ವಂತ ನೆಲದ ಸಾಲ್ಟ್ ಲೇಕ್ ಸಿಟಿಯಲ್ಲಿ ಅದೇ ಕೆನಡಾಕ್ಕೆ 3-2ರಲ್ಲಿ ಸೋತು ಬೆಳ್ಳಿ. 2006ರಲ್ಲಿ ಟ್ಯೂರಿನ್‌ನಲ್ಲಿ ಕಂಚು. ಮೆಟ್ಟಿಲು ಇಳಿದ ಹಾಗಿದೆಯಲ್ಲ ಎಂದುಕೊಳ್ಳುತ್ತಲೇ ಆ ಕಂಚಿನ ವಿವರ ಓದಿದೆ. ಸೆಮಿಫೈನಲ್‌ನಲ್ಲಿ ಸ್ವೀಡನ್ ಎದುರು, ಯಾರೂ ಎಣಿಸಿರದ ಸೋಲು, ಅದೂ ಪೆನಾಲ್ಟಿ ಶಾಟ್‌ಗಳಲ್ಲಿ. ಪೆನಾಲ್ಟಿ ಎಂಬ ಪದ ಕಂಡಾಗ ಎದೆ ಧಸಕ್ಕೆಂದಿತು. ಮೂರು ದಿನ ಕಳೆದು ಫಿನ್ಲೆಂಡ್ ಮೇಲೆ ಕಂಚಿನ ಪಂದ್ಯ. ಅಮೆರಿಕ 4-0. ಆ ನಾಲ್ಕರಲ್ಲಿ ಮೂರು ಗೋಲು ಕೇಟಿಯವು.

ಮೂರು ದಿನ! ನಾನು ಐದು ವರ್ಷ ಕಳೆದಿದ್ದೆ.

ಆ ಜೂನ್‌ನಲ್ಲಿ ಊರಿಗೆ ಬಂದೆ. ಅಟ್ಟದಲ್ಲಿ ಸ್ಟಿಕ್ ಇತ್ತು, ಗ್ರಿಪ್ ಮಾತ್ರ ಬೂಷ್ಟು ಹಿಡಿದು ಕಿತ್ತು ಬರುತ್ತಿತ್ತು. ಅಮ್ಮ ಹಳೇ ಸೀರೆಯ ಅಂಚು ಹರಿದು ಸುತ್ತಿಕೊಟ್ಟರು. ಮಾರನೆಯ ದಿನ ಬೆಳಿಗ್ಗೆ, ಸೋನೆ ಮಳೆಯಲ್ಲಿ, ಕಾಲೇಜು ಮೈದಾನಕ್ಕೆ ಹೋದೆ. ಕೆಸರಿನಲ್ಲಿ ಹೊಸ ಹುಡುಗಿಯರು ಓಡುತ್ತಿದ್ದರು. ಸರ್ ಕೊಡೆ ಹಿಡಿದು ಗೆರೆಯ ಹೊರಗೆ ನಿಂತಿದ್ದರು, ತಲೆ ಪೂರ್ತಿ ನರೆತಿತ್ತು. ನನ್ನನ್ನೂ ನನ್ನ ಕೈಯ ಸ್ಟಿಕ್ಕನ್ನೂ ನೋಡಿ ವಾಚು ನೋಡಿಕೊಂಡರು.

"ಆರಕ್ಕೆ ಬಾ ಅಂದಿದ್ದೆ," ಅಂದರು.